ಕೇಳಿಸದವರಿಗೆ ಕರೆ ಮಾಡುವ ಮಂದ್ರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೆಯ ಮಹಡಿಯ ಕಚೇರಿಯ ಬೀಗ ತೆಗೆಯುವವರು ಬಾರದ ಕಾರಣ ಮಂದ್ರಕ್ಕ ಮೆಟ್ಟಿಲ ಮೇಲೆಯೇ ಕೂತಿದ್ದಾರೆ. ಮಡಿಲಲ್ಲಿ ಚೀಲ, ಪಕ್ಕದಲ್ಲಿ ನೀರಿನ ಬಾಟಲಿ, ಬಾಯಲ್ಲಿ ಮೌತ್ ಆರ್ಗನ್. ನುಡಿಸುತ್ತಿರುವುದು ಹಾಡಲ್ಲ, ಒಂದೇ ಸ್ವರ. ಎಡತುದಿಯ ದಪ್ಪ ಸ್ವರವೊಂದನ್ನು ಹಿಡಿದು ಉಸಿರು ಮುಗಿಯುವವರೆಗೆ ಊದುತ್ತಾರೆ, ಒಂದು ಗುಟುಕು ನೀರು ಕುಡಿಯುತ್ತಾರೆ, ಮತ್ತೆ ಅದನ್ನೇ ಊದುತ್ತಾರೆ. ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರ ಬಾಗಿಲು ಗುಡಿಸುತ್ತಿರುವ ಹೆಂಗಸು ತಲೆ ಎತ್ತದೆ ಕೇಳುತ್ತಾಳೆ, "ಅಕ್ಕ, ಮುಂದಿನ ಸ್ವರ ಯಾವಾಗ ಬರುತ್ತೆ?"

"ಸಂಬಳ ಜಾಸ್ತಿ ಆದಾಗ," ಎನ್ನುತ್ತಾರೆ ಇವರು.

ಬೀಗ ತೆಗೆದ ಮೇಲೆ ಅವರು ಕಿಟಕಿ ಪಕ್ಕದ ತಮ್ಮ ಕುರ್ಚಿಗೆ ಹೋಗಿ, ಹೆಡ್‌ಫೋನಿನ ಸ್ಪಂಜನ್ನು ಸೆರಗಿನ ತುದಿಯಲ್ಲಿ ಒರೆಸಿ, ತಲೆಗೆ ಸಿಕ್ಕಿಸಿಕೊಂಡು ಮೊದಲ ಕರೆ ಮಾಡುತ್ತಾರೆ. "ನಮಸ್ಕಾರ ಸಾರ್. ಏಳು ಗಂಟೆಗೆ ಮಾಡು ಅಂದಿದ್ರಿ. ಮಾಡಿದ್ದೀನಿ." ಸಣ್ಣ ಮೈಕಟ್ಟಿನ ಆ ಹೆಂಗಸಿನಿಂದ ಬರುವ ದನಿ ಎಷ್ಟು ಕೆಳಗಿದೆಯೆಂದರೆ, ಹೊಸದಾಗಿ ಕೆಲಸಕ್ಕೆ ಸೇರಿದವರು ಬೇರೆ ಯಾರೋ ಮಾತಾಡಿದರೆಂದು ಹಿಂದೆ ತಿರುಗಿ ನೋಡುತ್ತಾರೆ. ಸಂಗೀತದ ಕೆಳಗಿನ ಸ್ಥಾಯಿಯನ್ನು ಮಂದ್ರ ಎನ್ನುತ್ತಾರಲ್ಲ, ಅದರಿಂದಲೇ ಕಚೇರಿಯ ಹುಡುಗಿಯರು ಇವರಿಗೆ ಮಂದ್ರಕ್ಕ ಎಂದು ಹೆಸರಿಟ್ಟಿದ್ದಾರೆ. ಸಂಬಳದ ಚೀಟಿಯಲ್ಲಿರುವ ಹೆಸರು ಈಗ ಅವರ ಗಂಡನಿಗೂ ಸ್ವಲ್ಪ ಯೋಚಿಸಿದ ಮೇಲೆಯೇ ನೆನಪಾಗುತ್ತದಂತೆ.

ಮಂದ್ರಕ್ಕ ಮಾರುವುದು ಕಿವಿಯ ಯಂತ್ರ. ಅಂದರೆ ಫೋನಿನಲ್ಲಿ ಸರಿಯಾಗಿ ಕೇಳಿಸದವರಿಗೆ ಫೋನು ಮಾಡಿ, ಕೇಳಿಸುವ ಸಾಧನ ಕೊಳ್ಳಿರೆಂದು ಹೇಳುವ ಕೆಲಸ. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರಲ್ಲ, ನಮ್ಮದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ," ಎನ್ನುತ್ತಾರೆ. "ಕೋಣಕ್ಕೆ ಕೇಳಿಸೋದಾದ್ರೂ ಕೇಳಿಸುತ್ತೆ." ಒಂದು ಬೆಳಗಿನ ಪಾಳಿಯಲ್ಲಿ ಎಂಬತ್ತರ ಆಸುಪಾಸು ಕರೆ. ಕೊನೆಯವರೆಗೆ ಮಾತಾಡುವವರು ಹತ್ತು ಜನ ಸಿಕ್ಕರೆ ಆ ದಿನ ಹಬ್ಬ. ಉಳಿದವರಲ್ಲಿ ಅರ್ಧ ಜನ ಫೋನು ಇಡುತ್ತಾರೆ, ಇನ್ನರ್ಧ ಜನ "ಯಾರು? ಯಾರು?" ಎನ್ನುತ್ತಲೇ ಇರುತ್ತಾರೆ. ಹಿರಿಯರನ್ನು ಬೆಳಗ್ಗೆಯೇ ಹಿಡಿಯಬೇಕೆಂಬುದು ಅವರ ಅನುಭವ. ಟೀವಿ ಹಾಕಿದ ಮೇಲೆ ಅವರು ಮನೆಯವರ ಮಾತನ್ನೇ ಕೇಳುವುದಿಲ್ಲ, ಇನ್ನು ಕಂಪನಿಯವರ ಮಾತನ್ನು ಕೇಳುತ್ತಾರೆಯೇ?

ಈ ತಗ್ಗು ದನಿ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇವರೂ ಎಲ್ಲರ ಹಾಗೆ ಕಿರುಚುತ್ತಿದ್ದರು. ಸಂಜೆಗೆ ಗಂಟಲು ಕಟ್ಟುತ್ತಿತ್ತು. ಆಗಲೇ ಮೌತ್ ಆರ್ಗನ್ನಿನ ಹುಚ್ಚೂ ಹತ್ತಿತ್ತು. ಅಕ್ಕನ ಮಗ ನಾಲ್ಕು ದಿನ ಊದಿ ಬಿಸಾಡಿದ್ದನ್ನು ತಂದು, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಅಡುಗೆಮನೆಯಲ್ಲಿ ನಿಂತು ಊದುತ್ತಿದ್ದರು. ಕಿವಿ ಮಂದವಾಗಿದ್ದ ಮಾವ ಹೊರಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದರು. ದಪ್ಪ ಸ್ವರಗಳಿಂದ ಮೇಲೆ ಹತ್ತುತ್ತ ಸಣ್ಣ ಸ್ವರಗಳಿಗೆ ಬಂದರೆ ಸಾಕು, "ಯಾಕಮ್ಮ ನಿಲ್ಲಿಸ್ದೆ?" ಎನ್ನುತ್ತಿದ್ದರು. ಸೊಸೆ ನಿಲ್ಲಿಸಿರುತ್ತಿರಲಿಲ್ಲ. ಮೊದಲು ತಮಾಷೆ ಅಂದುಕೊಂಡರು. ನಾಲ್ಕಾರು ಸಲ ಹಾಗೇ ಆದ ಮೇಲೆ, ಮಾವನಿಗೆ ಮೇಲಿನ ಸ್ವರಗಳು ಕೇಳಿಸುತ್ತಲೇ ಇಲ್ಲವೆಂದು ಹೊಳೆಯಿತು. ಮರುದಿನ ಕಚೇರಿಯಲ್ಲಿ ಕಿರುಚುವುದನ್ನು ಬಿಟ್ಟು, ದನಿ ತಗ್ಗಿಸಿ, ಒಂದು ಉಸಿರಿಗೆ ಒಂದೇ ವಾಕ್ಯದಂತೆ ಮಾತಾಡಿ ನೋಡಿದರು. "ಯಾರು?" ಅನ್ನುವವರು ಕಡಿಮೆಯಾದರು.

ಅದೇ ಮಾವನಿಗೆ ಕಂಪನಿಯ ರಿಯಾಯಿತಿಯಲ್ಲಿ ಒಂದು ಯಂತ್ರ ತಂದುಕೊಟ್ಟಿದ್ದಾರೆ. ಅದು ಮೇಜಿನ ಖಾನೆಯಲ್ಲಿದೆ. ಯಾಕೆಂದು ಕೇಳಿದರೆ ಮಾವನೇ ವಿವರಿಸುತ್ತಾರೆ: "ಹಾಕ್ಕೊಂಡ್ರೆ ಇವಳ ಬಾಜಾ ಪೂರ್ತಿ ಕೇಳಿಸುತ್ತೆ."

ಸಂಗೀತ ಕಲಿಯಲು ಗುರುಗಳಿಲ್ಲ, ಮೊಬೈಲಿನಲ್ಲಿ ಒಂದು ಆ್ಯಪ್ ಇದೆ. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಅದರ ಬಗ್ಗೆ ಮಂದ್ರಕ್ಕನಿಗೆ ಒಳ್ಳೆಯ ಅಭಿಪ್ರಾಯವಿಲ್ಲ. "ಒಂದಿನ ಕುಕ್ಕರ್ ಕೂಗ್ತು. ಅದಕ್ಕೂ ಹಸಿರು ತೋರಿಸ್ತು. ನನಗೆ ಮೂರು ದಿನದಿಂದ ಕೆಂಪು." ಯಾರ ನಂಬರು ಎಂದು ತೋರಿಸುವ ಆ್ಯಪ್ ಮೇಲೆ ಇನ್ನೂ ಸಿಟ್ಟಿದೆ. ಇವರ ಕರೆ ಹೋದಾಗ ಆ ಕಡೆ ಪರದೆಯ ಮೇಲೆ ಕೆಂಪಕ್ಷರದಲ್ಲಿ 'ಕಾಟ' ಎಂದು ಬರುತ್ತದಂತೆ. "ಬೇರೆಯವರು ಬಿಡಿ, ನಮ್ಮನೆಯವರೂ ನನ್ನ ನಂಬರನ್ನ ಯಾವ ಹೆಸರಲ್ಲಿ ಇಟ್ಕೊಂಡಿದ್ದಾರೋ."

ಮನೆಯವರು ಲಿಫ್ಟ್ ರಿಪೇರಿ ಮಾಡುತ್ತಾರೆ. ಅವರ ತಕರಾರು ಮಾತಾಡುವ ಲಿಫ್ಟುಗಳ ಬಗ್ಗೆ. "ಮೊದಲೆಲ್ಲ ಕೆಟ್ಟು ನಿಂತ್ರೆ ಬಾಯಿಗೆ ಬಂದ ಹಾಗೆ ಬೈತಿದ್ದೆ. ಈಗ ಒಳಗಿಂದ ಹೆಂಗಸಿನ ದನಿ ಬರುತ್ತೆ. ಬೈಯೋಕೆ ಒಂಥರಾ ಆಗುತ್ತೆ."

ಮಂದ್ರಕ್ಕ ತಮಗೆ ಬರುವ ಮಾರಾಟದ ಕರೆಗಳನ್ನು ಮಾತ್ರ ಎಂದೂ ಕತ್ತರಿಸುವುದಿಲ್ಲ. ಸಾಲ ಬೇಕೇ ಎಂದು ಕೇಳಿದ ಹುಡುಗಿಯೊಬ್ಬಳಿಗೆ, ನಿಮ್ಮನೇಲಿ ಯಾರಿಗಾದರೂ ಕಿವಿ ಯಂತ್ರ ಬೇಕೇ ಎಂದು ಕೇಳಿದ್ದರು. "ಇಬ್ಬರೂ ಚೆನ್ನಾಗಿ ಮಾರಿದ್ವಿ. ಯಾರೂ ಕೊಳ್ಳಲಿಲ್ಲ. ಊಟ ಆಯ್ತಾ ಅಂತ ಕೇಳ್ಕೊಂಡು ಇಟ್ವಿ."

ಹೀಗೆ ನಡೆಯುತ್ತಿದ್ದ ಕೆಲಸಕ್ಕೆ ಹೋದ ತಿಂಗಳು ಕುತ್ತು ಬಂದಿದೆ. ಕಚೇರಿಯವರು 'ಟಾರ್ಗೆಟ್ ಸಾರ್' ಎಂದು ಕರೆಯುವ ಮೇಲ್ವಿಚಾರಕರು ಇವರನ್ನು ಒಳಗೆ ಕರೆದು, ಇನ್ನು ಮುಂದೆ ಕರೆಗಳನ್ನು ಕಂಪ್ಯೂಟರೇ ಮಾಡುತ್ತದೆ, ಅದಕ್ಕೆ ನಿಮ್ಮ ದನಿ ಬೇಕು ಎಂದರು. ಮೊದಲು ಕೆಲವು ದಿನ ಪ್ರಯೋಗ. ಚೆನ್ನಾಗಿ ನಡೆದರೆ ಒಪ್ಪಂದಕ್ಕೆ ಸಹಿ. ಸಹಿ ಹಾಕಿದರೆ ಒಂದಿಷ್ಟು ಹಣ, ಜೊತೆಗೆ ಕಂಪ್ಯೂಟರ್ ಮಾಡಿದ ಕರೆಗಳನ್ನು ಕೇಳಿ ಪರೀಕ್ಷಿಸುವ ಕಾಯಂ ಕೆಲಸ. ಹಾಕದಿದ್ದರೆ ಬೆಳಗಿನ ಪಾಳಿ ಉಳಿಯುವ ಭರವಸೆಯಿಲ್ಲ.

ದನಿ ಮುದ್ರಿಸಲೆಂದು ಗೋಡೆಗೆಲ್ಲ ಕಂಬಳಿ ಹೊಡೆದ ಕೋಣೆಯೊಂದರಲ್ಲಿ ಕೂತು ಮಂದ್ರಕ್ಕ ವಾಕ್ಯಗಳನ್ನು ಓದಿದರು. ಖುಷಿಯಿಂದ ಹೇಳಿ, ವಿನಯದಿಂದ ಹೇಳಿ, ಕಾಳಜಿಯಿಂದ ಹೇಳಿ. "ಆ ಕಾಳಜಿಯನ್ನ ಹೇಳಿಸಿದ್ರು, ಹೇಳಿಸಿದ್ರು. ಕೊನೆಕೊನೆಗೆ ನನಗೇ ನನ್ನ ಬಗ್ಗೆ ಕಾಳಜಿ ಆಗೋಕೆ ಶುರುವಾಯ್ತು."

ಪ್ರಯೋಗ ಚೆನ್ನಾಗಿಯೇ ನಡೆಯಿತು. ಕಂಪ್ಯೂಟರಿಗೆ ಸುಸ್ತಿಲ್ಲ, ನೀರು ಬೇಡ. ಅದು ಮಾಡಿ ಮುಗಿಸಿದ ಕರೆಗಳ ಮುದ್ರಣದಲ್ಲಿ ಒಂದಷ್ಟನ್ನು ಕೇಳಿ ತಪ್ಪು ಗುರುತಿಸಲು ಮಂದ್ರಕ್ಕನನ್ನೇ ಕೂರಿಸಿದ್ದರು. ಒಂದು ಮಧ್ಯಾಹ್ನ ಹಾಗೆ ಕೇಳುತ್ತಿದ್ದಾಗ, ಆ ಕಡೆಯಿಂದ ಮಾವನ ದನಿ ಬಂತು.

ಮಾವನ ನಂಬರು ಆ ಪಟ್ಟಿಗೆ ಸೇರಲು ಕಾರಣ ಇವರೇ. ಹೊಸ ಹುಡುಗಿಯರು ಕರೆ ಮಾಡಿ ಕೈ ಪಳಗಿಸಿಕೊಳ್ಳಲೆಂದು ಮನೆಯ ನಂಬರು ಕೊಡುತ್ತಿದ್ದರು. ಮಾವ ಬೈಯುವುದಿಲ್ಲ, ಫೋನು ಇಡುವುದಿಲ್ಲ, ಅರ್ಧ ಕೇಳಿಸದಿದ್ದರೂ "ಹೂಂ, ಹೂಂ" ಎನ್ನುತ್ತಾರೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಗಿರಾಕಿ ಇಲ್ಲ. ಆ ನಂಬರನ್ನು ಪಟ್ಟಿಯಿಂದ ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ.

ಮಾವ ಸೊಸೆಯ ದನಿಯನ್ನು ತಕ್ಷಣ ಗುರುತಿಸಿದ್ದರು. ಅವರಿಗೆ ಚೆನ್ನಾಗಿ ಕೇಳಿಸುವ ದನಿ ಅದೊಂದೇ.

"ಏನಮ್ಮ, ಆಫೀಸಿಂದ ಮಾಡಿದ್ದೀಯಾ? ಸಂಜೆ ಬೇಗ ಬರ್ತೀಯಾ?"

"ಖಂಡಿತ ಸಾರ್. ನಮ್ಮ ಪ್ರತಿನಿಧಿ ನಾಳೆ ಹತ್ತರಿಂದ ಹನ್ನೆರಡರ ಒಳಗೆ ನಿಮ್ಮ ಮನೆಗೆ ಬರ್ತಾರೆ."

"ನಾಳೆನಾ? ಅಲ್ಲಿವರೆಗೆ ಎಲ್ಲಿರ್ತೀಯ?"

"ತುಂಬಾ ಒಳ್ಳೆ ಪ್ರಶ್ನೆ ಸಾರ್."

ಇಲ್ಲಿಯವರೆಗೆ ಮಂದ್ರಕ್ಕ ನಗುತ್ತಿದ್ದರು. ಪಕ್ಕದ ಹುಡುಗಿಗೂ ಒಂದು ಕಿವಿಗೆ ಹೆಡ್‌ಫೋನು ಕೊಟ್ಟಿದ್ದರು. ಆಮೇಲೆ ಮಾವ ಹೇಳಿದರು: "ಫೋನಲ್ಲಾದ್ರೆ ಹೇಳೋದು ಸುಲಭ ನೋಡು. ಎಡಗಿವಿ ಪೂರ್ತಿ ಹೋಯ್ತು ಕಣಮ್ಮ. ವಾರ ಆಯ್ತು. ಬಲಗಡೇದೂ ಹೀಗೇ ಹೋಗಿಬಿಟ್ರೆ ಅಂತ ಭಯ ಆಗುತ್ತೆ. ನಿನ್ನ ಗಂಡನಿಗೆ ಹೇಳ್ಬೇಡ. ಸುಮ್ನೆ ಗಾಬರಿ ಬೀಳ್ತಾನೆ."

"ನಿಮ್ಮ ಮಾಹಿತಿಗೆ ಧನ್ಯವಾದಗಳು ಸಾರ್," ಎಂದಿತು ಮಂದ್ರಕ್ಕನ ದನಿ, ಕಾಳಜಿಯಿಂದ. "ಈ ತಿಂಗಳು ವಿಶೇಷ ರಿಯಾಯಿತಿ ಇದೆ."

ಮಂದ್ರಕ್ಕ ಅರ್ಧ ದಿನದ ರಜೆ ಹಾಕಿ ಮನೆಗೆ ಹೋಗಿ, ಮಾವನನ್ನು ಹೊರಡಿಸಿಕೊಂಡು ಕಿವಿಯ ಡಾಕ್ಟರ ಹತ್ತಿರ ಹೋದರು. ದಾರಿಯಲ್ಲಿ ಮಾವ ಮುನಿಸಿಕೊಂಡಿದ್ದರು. "ನನ್ನ ಕಿವಿ ವಿಷಯ ನಿನಗ್ಯಾರು ಹೇಳಿದ್ದು?" ಎಂದು ಕೇಳಿದ್ದಕ್ಕೆ ಸೊಸೆ "ನೀವೇ ಮಾವ," ಎಂದರು. ಮಾವ ಯೋಚಿಸಿ, "ಹೌದಲ್ಲ," ಎಂದರು. ತಡವಾಗಿದೆ, ಆದರೆ ಕೈಮೀರಿಲ್ಲ ಎಂದರು ಡಾಕ್ಟರು. ಗುಳಿಗೆ ನಡೆದಿದೆ. ಎಡಗಿವಿಯಲ್ಲಿ ಈಗ ಬಾಗಿಲು ಬಡಿದದ್ದು ಗೊತ್ತಾಗುತ್ತಿದೆ.

ಸಹಿ ಹಾಕಬೇಕಾಗಿದ್ದ ಸೋಮವಾರ ಟಾರ್ಗೆಟ್ ಸಾರ್ ಪೆನ್ನನ್ನೂ ತಾವೇ ತಂದಿದ್ದರು. ಮಂದ್ರಕ್ಕ ಒಂದು ಷರತ್ತು ಹೇಳಿದರು: ಕರೆ ಮಾಡಿದ ಕೂಡಲೇ, ಇದು ಯಂತ್ರ ಎಂದು ಅದು ಹೇಳಬೇಕು.

"ಹಾಗೆ ಹೇಳಿದ್ರೆ ಯಾರು ಕೇಳ್ತಾರೆ?"

"ನಾನು ಅಂದ್ಕೊಂಡೇ ಕೇಳ್ತಿದ್ದಾರಲ್ಲ ಸಾರ್, ಅದೇ ನನಗೆ ತೊಂದರೆ."

"ಹಣ ಜಾಸ್ತಿ ಬೇಕಿದ್ರೆ ನೇರವಾಗಿ ಕೇಳಿ ಮೇಡಂ."

"ಬೇಡ ಸಾರ್. ನಮ್ಮ ಮಾವ ನನ್ನ ಹತ್ರ ಹೆದರಿಕೆ ಹೇಳ್ಕೊಂಡ್ರು. ನನ್ನ ಬಾಯಿಂದಲೇ ಅವರಿಗೆ ರಿಯಾಯಿತಿ ಹೋಯ್ತು. ಇನ್ನೊಬ್ಬರ ಮಾವನಿಗೆ ಹಾಗಾಗೋದು ಬೇಡ."

ಸಹಿ ಆಗಲಿಲ್ಲ. ನಿಮ್ಮದಲ್ಲದಿದ್ದರೆ ಇನ್ನೊಬ್ಬರದು ಎಂದ ಕಂಪನಿ ಬೇರೊಂದು ದನಿ ತಂದಿದೆ. ಎರಡು ಸಾಲು ಕುರ್ಚಿಗಳು ಈಗಾಗಲೇ ಖಾಲಿ. ಪಾಳಿ ಉಳಿಯುತ್ತದೋ ಇಲ್ಲವೋ ತಿಂಗಳ ಕೊನೆಗೆ ತಿಳಿಯಲಿದೆ. ಮಾಡಿದ್ದು ತಪ್ಪೋ ಸರಿಯೋ ಎಂದು ಮನೆಯಲ್ಲಿ ಚರ್ಚೆ ನಡೆದೇ ಇದೆ. ಗಂಡನ ಲೆಕ್ಕದಲ್ಲಿ ಸಹಿ ಹಾಕಿ ಆಮೇಲೆ ಜಗಳ ಆಡಬಹುದಿತ್ತು. ಮಂದ್ರಕ್ಕನೂ ಅದನ್ನು ಪೂರ್ತಿ ಅಲ್ಲಗಳೆಯುವುದಿಲ್ಲ. "ಕೆಲಸ ಹೋದ್ರೆ ಕಷ್ಟವೇ," ಎನ್ನುತ್ತಾರೆ. "ಈ ವಯಸ್ಸಲ್ಲಿ ಯಾರು ಕರೀತಾರೆ?"

ಅಷ್ಟರಲ್ಲಿ ಮುಂದಿನ ಕರೆ ಹೋಗುತ್ತದೆ. ಆ ಕಡೆ ಒಬ್ಬ ಅಜ್ಜಿ. ಇವರು ಎರಡು ವಾಕ್ಯ ಮುಗಿಸುವ ಮೊದಲೇ ಅಜ್ಜಿ ತಡೆಯುತ್ತಾರೆ. ಕಿವಿ ಮಂದವಾದವರ ಮಾತು ಜೋರಾದ್ದರಿಂದ ಹೆಡ್‌ಫೋನಿನ ಹೊರಗೂ ಕೇಳುತ್ತದೆ.

"ನೀನು ಮನುಷ್ಯಳೋ, ಮಿಷನ್ನೋ?"

"ಮನುಷ್ಯಳೇ ಅಮ್ಮ."

"ಎಲ್ಲವೂ ಹಾಗೇ ಅಂತಾವೆ. ಒಂದ್ಸಲ ಕೆಮ್ಮು ನೋಡೋಣ."

ಮಂದ್ರಕ್ಕ ಅತ್ತಿತ್ತ ನೋಡಿ ಕೆಮ್ಮುತ್ತಾರೆ.

"ಗಂಟಲು ಒಣಗಿದೆಯಲ್ಲೇ. ಬೆಳಗ್ಗೆಯಿಂದ ಮಾತಾಡ್ತಿದ್ದೀಯಾ? ಹೋಗು, ಬಿಸಿನೀರು ಕುಡಿದು ಬಾ. ನಾನು ಇಡಲ್ಲ."

ಮಂದ್ರಕ್ಕ ಹೆಡ್‌ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ನೀರಿನ ಯಂತ್ರದ ಕಡೆ ನಡೆಯುತ್ತಾರೆ. ಟಾರ್ಗೆಟ್ ಸಾರ್ ಗಾಜಿನ ಆಚೆಯಿಂದ ಖಾಲಿ ಕುರ್ಚಿಯನ್ನೂ ಪರದೆಯ ಮೇಲೆ ಮಿನುಗುತ್ತಿರುವ ಕರೆಯನ್ನೂ ನೋಡುತ್ತಾರೆ. ಮಂದ್ರಕ್ಕ ಲೋಟ ತುಂಬಿಸಿಕೊಳ್ಳುತ್ತಾರೆ. ಆಮೇಲೆ ಹೇಳುತ್ತಾರೆ:

"ಆಮೇಲೆ ಮಾಡು ಅಂತ ಇಟ್ಟವರು ಬೇಕಾದಷ್ಟು ಜನ. ನಾನು ಕಾಯ್ತೀನಿ ಅಂದವರು ಇವರೇ ಮೊದಲು."