ಗುಂಯ್ ಅನ್ನುವ ಹೆಡ್‌ಫೋನು

ಇವತ್ತು ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು ಹೆಡ್‌ಫೋನು ಹಾಕಿಕೊಂಡರೆ, ಹಾಡಿಗಿಂತ ಮೊದಲು ಗುಂಯ್ ಎಂಬ ಸದ್ದು ಶುರುವಾಯಿತು. ಕೈ ತಾನಾಗಿ ಪಿನ್ನಿನ ಕಡೆ ಹೋಯಿತು, ಆದರೆ ಕೀಳಲಿಲ್ಲ. ಬಾಷಾ ಸಾಬರ ನೆನಪಾಗಿ ಸುಮ್ಮನೆ ಕೂತೆ. ಅವರು ಯಾರೆಂದು ನಿಮಗೂ ಹೇಳಿಬಿಡುತ್ತೇನೆ.

ನಮ್ಮದು ಶಿಡ್ಲಘಟ್ಟ. ನಡುಮನೆಯ ಪಕ್ಕದಲ್ಲೇ ರೇಷ್ಮೆ ನೂಲಿಗೆ ಹುರಿ ಹಾಕುವ ಮಷೀನು. ಕರೆಂಟಿರುವಷ್ಟು ಹೊತ್ತೂ ಅದರ ಗಲಾಟೆ. ಹಾಗಾಗಿ ನಮ್ಮ ಮನೆಯಲ್ಲಿ ಯಾರಿಗೂ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಅಕ್ಕನ ಮದುವೆಯ ಮಾತನ್ನು ಅಮ್ಮ ಗುಟ್ಟಾಗಿ ಹೇಳಿದರೆ ಆಚೆ ಮನೆಯವರು ವರನ ಊರು ವಿಚಾರಿಸಲು ಬಂದಿದ್ದರು. ಅಪ್ಪನಿಗೆ ಐವತ್ತಕ್ಕೇ ಕಿವಿ ಮಂದವಾಗಿ, ಯಾರೇನು ಕೇಳಿದರೂ "ಆಯ್ತು, ಆಯ್ತು" ಅನ್ನುತ್ತಿದ್ದರು. ನನಗೆ ಕಾಲೇಜಿಗೆ ಒಪ್ಪಿಗೆ ಸಿಕ್ಕಿದ್ದೂ ಹಾಗೆಯೇ ಇರಬೇಕು.

ತೊಂಬತ್ತರ ದಶಕದ ಕೊನೆಗೆ ಚಿಕ್ಕಬಳ್ಳಾಪುರದ ಒಂದು ಕಂಪ್ಯೂಟರ್ ಸೆಂಟರಿಗೆ ಸೇರಿದೆ. ಡಾಕ್ಟರುಗಳು ಮಾತಾಡಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪು ಮಾಡುವ ತರಬೇತಿ. ಕೊನೆಗೆ ಪರೀಕ್ಷೆ. ಪಾಸಾದರೆ ಕೆಲಸ, ಇಲ್ಲದಿದ್ದರೆ ಮಷೀನಿನ ಮುಂದೆ ಎಳೆ ಕಟ್ಟುತ್ತಾ ಕೂರುವುದು. "ಕಿವಿ ಚೆನ್ನಾಗಿರೋರಿಗೆ ಮಾತ್ರ ಈ ಕೆಲಸ" ಎಂದು ಸರ್ ಮೊದಲ ದಿನವೇ ಹೇಳಿದ್ದರು. ನಾನು ಹೆಡ್‌ಫೋನು ಹಾಕಿಕೊಂಡೆ, ಗುಂಯ್. ಅಪ್ಪನ ಕಿವಿ ನನಗೂ ಬಂತು ಎಂದುಕೊಂಡೆ. ತೆಗೆದರೆ ಸದ್ದು ನಿಲ್ಲುತ್ತಿತ್ತು, ನಿಜ. ಆದರೆ ಅಂಗೈಯಿಂದ ಕಿವಿ ಮುಚ್ಚಿಕೊಂಡರೂ ಒಳಗಿನ ಸದ್ದು ಕೇಳಿಸುತ್ತದಲ್ಲ, ಇದೂ ಹಾಗೇ ಎಂದು ನನಗೆ ನಾನೇ ಡಾಕ್ಟರಾದೆ. ಹದಿನೈದು ದಿನ ಬಾಯಿ ಬಿಡಲಿಲ್ಲ. ತಪ್ಪು ಟೈಪು ಮಾಡಿ ಬೈಸಿಕೊಂಡೆ.

ಬಾಷಾ ಸಾಬರು ಬಂದದ್ದು ಫ್ಯಾನು ರಿಪೇರಿಗೆ. ವಯಸ್ಸಾದ ಎಲೆಕ್ಟ್ರಿಷಿಯನ್. ಏಣಿಯ ಮೇಲಿಂದಲೇ ನನ್ನನ್ನು ಗಮನಿಸಿದ್ದರು.

"ಯಾಕಮ್ಮ, ಹಾಕ್ಕೊಳ್ಳೋದು ತೆಗೆಯೋದು ಮಾಡ್ತಾ ಇದ್ದೀರ?"

"ಗುಂಯ್ ಅಂತೈತೆ. ಸರ್‌ಗೆ ಹೇಳ್ಬೇಡಿ. ಮನೇಲಿ ಹುರಿ ಮಷೀನೈತೆ, ನಮ್ಮ ಕಿವೀನೇ ಹಂಗೆ."

"ಯಾರಂದ್ರು?"

ಯಾರೂ ಅಂದಿರಲಿಲ್ಲ. ಅವರು ಇಳಿದು ಬಂದು ಹೆಡ್‌ಫೋನಿನ ಪಿನ್ನು ಕಿತ್ತರು. "ಈಗ ಹಾಕ್ಕೊಳ್ಳಿ. ಐತಾ?"

ಸದ್ದೇ ಇಲ್ಲ. ಅಷ್ಟು ನಿಶ್ಶಬ್ದವನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ.

"ಮತ್ತೆ ಕಿವಿ ಎಲ್ಲಮ್ಮ ಕೆಟ್ಟೈತೆ? ಪಿನ್ ಕಿತ್ತ ಮೇಲೂ ಕೇಳಿದ್ರೆ ಅವಾಗ ಕಿವಿ ಅನ್ನಣ."

ನನಗೆ ಅಳು ಬಂತು. ಪಕ್ಕದವರನ್ನು ಕೇಳಿದರೆ, "ನಮ್ಗೂ ಬರುತ್ತೆ, ಅದು ಕಂಪ್ಯೂಟರ್ ಸೌಂಡಲ್ವಾ?" ಅಂದರು. ಸರ್ ಕೂಡ ಹಾಗೇ ತಿಳಿದಿದ್ದರಂತೆ. ಸಾಬರು ಹಿತ್ತಲಿಗೆ ಹೋಗಿ, ಮುರಿದ ಕುರ್ಚಿಗಳನ್ನು ಸರಿಸಿ, ಕರೆಂಟಿನ ಅರ್ತ್ ತಂತಿ ನೆಲಕ್ಕಿಳಿಯುವ ಗುಂಡಿ ತೋರಿಸಿದರು. ಉಪ್ಪು, ಇದ್ದಿಲು ತುಂಬಿ ಪೈಪು ಹುಗಿದ ಗುಂಡಿ ಬೇಸಿಗೆಗೆ ಬಿರುಕು ಬಿಟ್ಟಿತ್ತು. "ಇದಕ್ಕೂ ಬಾಯಾರಿಕೆ ಆಗುತ್ತಮ್ಮ. ಒಣಗಿದ್ರೆ ಅರ್ತ್ ಸರಿಯಾಗಿ ಸಿಗಲ್ಲ, ಅದೇ ನಿಮ್ಮ ಹೆಡ್‌ಫೋನಲ್ಲಿ ಗುಂಯ್ ಅನ್ನೋದು." ಎರಡು ಬಕೆಟ್ ನೀರು ನಾನೇ ಹೊತ್ತು ಹಾಕಿದೆ. ಒಳಗೆ ಬಂದು ಪಿನ್ನು ಸಿಕ್ಕಿಸಿದರೆ ಗುಂಯ್ ಹೋಗಿ, ಡಾಕ್ಟರು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಪರೀಕ್ಷೆ ಪಾಸಾದೆ. ಇಪ್ಪತ್ತು ವರ್ಷಕ್ಕೂ ಮೇಲೆ ಕಿವಿಯಿಂದಲೇ ಅನ್ನ ತಿಂದೆ. ಆ ಅನ್ನದಲ್ಲಿ ಬಾಷಾ ಸಾಬರದೂ ಪಾಲಿದೆ ಎಂದು ಅವರಿದ್ದಾಗ ಒಮ್ಮೆಯೂ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ಇಷ್ಟು ನೆನೆದ ಮೇಲೆ ಪಿನ್ನು ಕಿತ್ತೆ. ಹೆಡ್‌ಫೋನು ಕಿವಿಯ ಮೇಲೇ ಇತ್ತು. ಗುಂಯ್ ನಿಲ್ಲಲಿಲ್ಲ. ಹೆಡ್‌ಫೋನನ್ನೇ ತೆಗೆದು ಮೇಜಿನ ಮೇಲಿಟ್ಟೆ. ಆಗಲೂ ನಿಲ್ಲಲಿಲ್ಲ.

ಸಾಬರು ಹೇಳಿದ್ದ ಆ "ಅವಾಗ" ಬಂದಿತ್ತು. ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಈ ಸಲ ಹದಿನೈದು ದಿನ ಕಾಯಲಿಲ್ಲ. ಒಳಗಿದ್ದ ಮಗಳನ್ನು ನಮ್ಮ ಮನೆಯ ದನಿಯಲ್ಲೇ ಕೂಗಿದೆ:

"ಬಾರೇ ಇಲ್ಲಿ. ನನ್ನ ಕಿವೀಲಿ ಗುಂಯ್ ಅಂತೈತೆ ಕಣೇ. ಇವತ್ತೇ ಡಾಕ್ಟರ ಹತ್ರ ಹೋಗಣ."