ಹಗಲಿನ ಲಾಟೀನು

…ಅಥವಾ ಲಾಟೀನಿನ ಗಾಜು ಒಡೆದೇ ಇರಲಿಲ್ಲವೇನೋ. ಒಡೆದ ಗಾಜಿಗೆ ಕಾಗದ ಅಂಟಿಸಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆ ಕಾಗದ ನಮ್ಮ ಮನೆಯ ಲಾಟೀನಿನದು ಇರಬಹುದು, ಆ ದಿನದ ಲಾಟೀನಿನದಲ್ಲ. ನೆನಪು ಒಂದು ಮನೆಯ ಸಾಮಾನನ್ನು ಇನ್ನೊಂದು ಮನೆಯಲ್ಲಿ ತಂದಿಡುತ್ತದೆ, ಕೇಳಿದರೆ ಮೊದಲಿನಿಂದಲೂ ಇಲ್ಲೇ ಇತ್ತು ಎನ್ನುತ್ತದೆ. ಗಾಜಿನ ಮಾತು ಬಿಡೋಣ. ಲಾಟೀನು ಇತ್ತು. ಅದನ್ನು ನಾನು ಬಿಟ್ಟುಕೊಡುವುದಿಲ್ಲ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿದ್ದಾಗ, ಉರಿಯುವ ಲಾಟೀನು ನನ್ನ ಭಾವನ ಕೈಯಲ್ಲಿತ್ತು. ಬೀಡಿ ಇರಲಿಲ್ಲ.

ಭಾವ ಎಂದರೆ ನನ್ನ ಗಂಡನ ಅಣ್ಣ. ಚಿಕ್ಕಬಳ್ಳಾಪುರದ ಹೊರಗಿದ್ದ ಹಳೆಯ ಪೆಟ್ರೋಲ್ ಬಂಕಿನಲ್ಲಿ, ನೆಲದೊಳಗಿನ ಟ್ಯಾಂಕು ತೆಗೆಯಲು ಹೋಗಿ ಬೆಂದು ಸತ್ತರು. ಆ ಸಾವಿನ ಕಥೆ ಊರಿನಲ್ಲಿ ಎರಡು ಬಗೆಯಲ್ಲಿ ಓಡಾಡಿತು. ಒಂದು, ಬೀಡಿ ಹಚ್ಚಿದ, ಸತ್ತ. ಇನ್ನೊಂದು, ಪೆಟ್ರೋಲ್ ಟ್ಯಾಂಕಿನೊಳಕ್ಕೆ ದೀಪ ಇಳಿಬಿಟ್ಟು ನೋಡಿದ ಮಹಾ ಬುದ್ಧಿವಂತ, ಸತ್ತ. ಎರಡನೆಯದನ್ನು ನಗುತ್ತಾ ಹೇಳುತ್ತಿದ್ದರು. ಗೌರಿಬಿದನೂರಿನಲ್ಲಿ ಒಂದು ಮದುವೆಯ ಊಟದಲ್ಲಿ, ನನ್ನ ಎದುರು ಪಂಕ್ತಿಯಲ್ಲಿ ಕೂತವನೊಬ್ಬ ಅದನ್ನು ಹೇಳುತ್ತಾ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ನಾನು ಎಲೆ ಬಿಟ್ಟು ಎದ್ದೆ. ಏನಾದರೂ ಅಂದೆನೋ, ಸುಮ್ಮನೆ ಎದ್ದು ಹೋದೆನೋ, ಖಚಿತವಿಲ್ಲ. ಸುಮ್ಮನೆ ಹೋಗಿದ್ದರೆ ಅದಕ್ಕೂ ನನಗೆ ಈಗ ಸಿಟ್ಟಿದೆ.

ಭಾವ ದಡ್ಡರಲ್ಲ. ಅವರು ಯಾಕೆ ದೀಪ ಇಳಿಬಿಟ್ಟರು ಎನ್ನುವುದು ನಮ್ಮ ಮಂಡಿಕಲ್ ಕಡೆಯ ಯಾರಿಗೇ ಆದರೂ ಗೊತ್ತಿರುವ ಮಾತು. ನಮ್ಮಲ್ಲಿ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ನೆಲದೊಳಗಿನ ಕಣಜ. ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಕೆಳಗೆ ದೊಡ್ಡ ಹೊಟ್ಟೆ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ರಾಗಿ ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ಕೆಡುತ್ತದೆ. ಅವಸರದಲ್ಲಿ ಇಳಿದವರು ಅಲ್ಲೇ ಕುಸಿದು, ಅವರನ್ನು ಎತ್ತಲು ಇಳಿದವರೂ ಅಲ್ಲೇ ಕುಸಿದದ್ದುಂಟು. ಹಾಗಾಗಿ ಹಗೇವು ತೆಗೆಯಲು ಭಾವನನ್ನು ಕರೆಯುತ್ತಿದ್ದರು. ಅವರು ಚಪ್ಪಡಿ ಸರಿಸಿ, ಬಾಯಿಯನ್ನು ಬಹಳ ಹೊತ್ತು ತೆರೆದು ಬಿಡುತ್ತಿದ್ದರು. ಹೊಂಗೆಯ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಏರಿಸಿ ಇಳಿಸಿ ಗಾಳಿಯಾಡಿಸುತ್ತಿದ್ದರು. ಕೊನೆಗೆ ಉರಿಯುವ ಲಾಟೀನನ್ನು ತಳದವರೆಗೆ ಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯಕೂಡದು. ಉರಿಯುತ್ತಿದ್ದರೆ ಮೊದಲು ಅವರೇ ಇಳಿಯುತ್ತಿದ್ದರು.

ಒಮ್ಮೆ ಒಬ್ಬ ಗೌಡರು ಕಾದು ಕಾದು ರೇಗಿದ್ದರು.

"ಏನಯ್ಯಾ, ಹಗೇವಿಗೆ ಮಂಗಳಾರತಿ ಎತ್ತುತಾ ಕೂತಿದೀಯಾ?"

"ಅವಸರ ಇದ್ರೆ ನೀವೇ ಇಳೀರಿ ಗೌಡ್ರೇ. ಮೇಲೆ ನಿಂತ್ಕೊಂಡು ನಿಮಗೇ ಎತ್ತುತೀನಿ" ಎಂದರು ಭಾವ.

ಗೌಡರೂ ನಕ್ಕರು. ಭಾವ ತೆಗೆದ ಹಗೇವಿನಲ್ಲಿ ಯಾರೂ ಸಾಯಲಿಲ್ಲ. ಇದು ನೆನಪಿನ ಉಪಕಾರವಲ್ಲ, ಯಾರಾದರೂ ಸತ್ತಿದ್ದರೆ ಆ ಕಥೆಯನ್ನೂ ಊರು ನಗುತ್ತಾ ಹೇಳುತ್ತಿತ್ತು.

ಬಂಕಿನ ಸಾಹುಕಾರರು ಭಾವನನ್ನು ಕರೆಸಿದ್ದು ಇದೇ ಹೆಸರಿನ ಮೇಲೆ. ಅರವತ್ತರ ದಶಕದ ಮೊದಲ ವರ್ಷಗಳು. ಲಾರಿಗಳು ಹೆಚ್ಚಾಗಿ ಸಾಹುಕಾರರು ದೊಡ್ಡ ರಸ್ತೆಯಲ್ಲಿ ಹೊಸ ಬಂಕು ಕಟ್ಟಿಸಿದ್ದರು. ಹಳೆಯ ಜಾಗವನ್ನು ಮಾರಲು ನೆಲದೊಳಗಿನ ಎರಡು ಪೆಟ್ರೋಲ್ ಟ್ಯಾಂಕುಗಳನ್ನು ಮೇಲೆತ್ತಿಸಬೇಕಿತ್ತು. ಎತ್ತುವ ಮೊದಲು ಒಬ್ಬ ಒಳಗಿಳಿದು ತಳದ ಗಸಿ ಬಳಿದು ತೆಗೆಯಬೇಕು. ಭಾವ, ನನ್ನ ಗಂಡ ಇಬ್ಬರೂ ಸಾಹುಕಾರರ ಕೈಯಿಂದ ವೀಳ್ಯ ತೆಗೆದುಕೊಂಡರು. ವೀಳ್ಯ ಹಿಡಿದ ಮೇಲೆ ಕೆಲಸ ಮುಗಿಸದೆ ಬರುವುದು ನಮ್ಮ ಮನೆಯಲ್ಲಿ ಇರಲಿಲ್ಲ.

"ಖಾಲಿ ಕಣಯ್ಯಾ, ಒಂದು ತೊಟ್ಟೂ ಇಲ್ಲ. ನಿಮ್ಮ ಹಗೇವಿನ ಹಾಗೇ ಅಂದ್ಕೋ" ಎಂದಿದ್ದರು ಸಾಹುಕಾರರು. ಇದನ್ನು ನಾನು ಕೇಳಲಿಲ್ಲ, ನನ್ನ ಗಂಡ ಕೇಳಿದ್ದು. ಆದರೆ ನೂರಾರು ಸಲ ಹೇಳಿಸಿಕೊಂಡು ಈಗ ಅದು ನನ್ನ ಕಿವಿಯಲ್ಲೇ ಬಿದ್ದ ಮಾತಿನಂತಿದೆ.

ಆ ದಿನ ಮಧ್ಯಾಹ್ನ ನಾನು ಮುದ್ದೆ, ಹುರುಳಿಸಾರು ಹೊತ್ತು ಬಂಕಿಗೆ ಹೋದೆ. ನನ್ನ ಗಂಡ ಟ್ಯಾಂಕು ಎತ್ತುವ ದಪ್ಪ ಹಗ್ಗ ತರಲು ಪೇಟೆಗೆ ಹೋಗಿದ್ದರು. ಮೊದಲನೆಯ ಟ್ಯಾಂಕಿನ ಮುಚ್ಚಳವನ್ನು ಭಾವ ಬೆಳಿಗ್ಗೆಯೇ ತೆಗೆದು ಗಾಳಿಗೆ ಬಿಟ್ಟಿದ್ದರು. ಹೊಂಗೆಯ ಕೊಂಬೆ ಪಕ್ಕದಲ್ಲಿ ಬಿದ್ದಿತ್ತು, ಎಲೆ ಬಾಡಿತ್ತು. ಹಗೇವಿನಲ್ಲಿ ಜೀವ ಉಳಿಸುವ ಕೆಲಸವೆಲ್ಲ ಅಲ್ಲಿ ಮುಗಿದಿತ್ತು. ಪೆಟ್ರೋಲಿನ ಆವಿಗೆ ಅಷ್ಟು ಗಾಳಿ ಬೆರೆತರೆ ಅದು ಮೊದಲಿಗಿಂತ ಕೇಡು ಎಂದು ನನಗೆ ಆಮೇಲೆ ತಿಳಿಯಿತು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯ ಎಂದೂ ಆಮೇಲೆ ತಿಳಿಯಿತು. ಆಮೇಲೆ.

ನಾನು ಬೇಲಿಯ ಹತ್ತಿರವಿದ್ದೆ. ಭಾವ ಹಗ್ಗದ ತುದಿಗೆ ಲಾಟೀನು ಕಟ್ಟಿ ನಿಂತಿದ್ದರು. ನನ್ನನ್ನು ನೋಡಿದರು.

"ಅಲ್ಲೇ ಇರಮ್ಮಾ, ಬಂದೆ. ಮುದ್ದೆ ಆರಿಸ್ಬೇಡ" ಎಂದರು.

ಅವರು ಬಗ್ಗಿದರು. ಆಮೇಲಿನದನ್ನು ನಾನು ಹಲವು ಸಲ ಬರೆದು ಹೊಡೆದು ಹಾಕಿದ್ದೇನೆ. ಬರೆದಾಗಲೆಲ್ಲ ಅದು ಚೆನ್ನಾಗಿ ಬರುತ್ತದೆ. ಚೆನ್ನಾಗಿ ಬರುವುದೇ ನನಗೆ ಬೇಡ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಲಾರಿಯಲ್ಲಿ ಒಯ್ಯುವಾಗ, ದಾರಿಯಲ್ಲೇ ಪ್ರಾಣ ಹೋಯಿತು.

ಸಾಹುಕಾರರು ಅಂದೇ ಸಂಜೆ ಬೀಡಿಯ ಮಾತು ಹೇಳಿಬಿಟ್ಟಿದ್ದರು. ಭಾವ ಎಲೆಯಡಿಕೆ ಹಾಕುತ್ತಿದ್ದರು, ಬೀಡಿ ಸೇದಿದವರೇ ಅಲ್ಲ. ನಾನು ಲಾಟೀನು ಕಂಡೆ ಎಂದು ಪೊಲೀಸರ ಮುಂದೆ ಹೇಳಿದೆ. "ಹಗಲು ಹೊತ್ತು ಲಾಟೀನು ಯಾಕಮ್ಮಾ?" ಎಂದು ಒಬ್ಬರು ನಕ್ಕರು. ಹಗೇವಿನ ವಿಷಯ ಬಿಡಿಸಿ ಹೇಳಿದೆ. ಅವರು ಬೇರೆ ಸೀಮೆಯವರು, ಹಗೇವು ಕಂಡವರಲ್ಲ.

ಹದಿಮೂರನೆಯ ದಿನದ ತಿಥಿ ಕಳೆದ ಮೇಲೆ, ಭಾವನ ಹಾರೆ ಗುದ್ದಲಿ ತರಲು ನಾನೂ ನನ್ನ ಗಂಡನೂ ಬಂಕಿಗೆ ಹೋದೆವು. ಅಲ್ಲಿ ಬೆಂಗಳೂರಿನಿಂದ ಜೀಪಿನಲ್ಲಿ ಬಂದ ಎಣ್ಣೆ ಕಂಪನಿಯ ಅಧಿಕಾರಿಯೊಬ್ಬರು ಗುಂಡಿ ನೋಡುತ್ತಾ, ಎಳನೀರು ಕುಡಿಯುತ್ತಾ ನಿಂತಿದ್ದರು. ಸಾಹುಕಾರರಿಗೆ ಹೇಳುತ್ತಿದ್ದರು:

"ಬಾಯಿವರೆಗೆ ನೀರು ತುಂಬಿಸಿಬಿಡಬೇಕು ರೀ. ಆವಿಗೆ ಜಾಗಾನೇ ಇರಲ್ಲ. ಉಳಿದ ಪೆಟ್ರೋಲು ಮೇಲೆ ತೇಲುತ್ತೆ, ತೆಗೆದುಬಿಡಬಹುದು. ಸುತ್ತ ಎಲ್ಲೂ ಬೆಂಕಿ ಇರಬಾರದು. ಯಾರೂ ಒಳಗೆ ಇಳಿಯೋ ಹಾಗೇ ಇಲ್ಲ. ಇದೆಲ್ಲ ಎಲ್ಲರಿಗೂ ಗೊತ್ತಿರೋ ವಿಷಯ."

ನಾನು ಕೇಳಿದೆ: "ಎಲ್ಲರಿಗೂ ಅಂದ್ರೆ ಯಾರಿಗೆ ಸ್ವಾಮಿ?"

ಅವರು ನನ್ನ ಗಂಡನ ಕಡೆ ನೋಡಿದರು, ಹೆಂಗಸನ್ನು ಸುಮ್ಮನಿರಿಸು ಎನ್ನುವ ಹಾಗೆ. ನನ್ನ ಗಂಡ ನೆಲ ನೋಡಿದರು.

"ನಿಮಗೆ ಗೊತ್ತಿತ್ತು. ಸಾಹುಕಾರರಿಗೆ ಗೊತ್ತಿತ್ತಾ?"

ಸಾಹುಕಾರರು ಎಳನೀರಿನವನನ್ನು ಕೂಗಿ, ಅಧಿಕಾರಿಗೆ ಕಾಯೊಳಗಿನ ಗಂಜಿ ಕೆತ್ತಿ ಕೊಡಲು ಹೇಳಿದರು. ಜೀಪು ಹೋಯಿತು. ಇಷ್ಟು ವರ್ಷಗಳಾದರೂ 'ಎಲ್ಲರಿಗೂ ಗೊತ್ತಿರುವ ವಿಷಯ' ಎಂದು ಯಾರಾದರೂ ಅಂದರೆ, ಎಲ್ಲರಿಗೂ ಅಂದರೆ ಯಾರಿಗೆ ಎಂದು ಕೇಳಿಯೇ ಬಿಡುತ್ತೇನೆ. ಆ 'ಎಲ್ಲರ' ಲೆಕ್ಕಕ್ಕೆ ಭಾವ ಸೇರಿರಲಿಲ್ಲ.

ಎರಡನೆಯ ಟ್ಯಾಂಕು ಇನ್ನೂ ನೆಲದಲ್ಲಿತ್ತು. ಅಣ್ಣನ ಜೊತೆ ವೀಳ್ಯ ಹಿಡಿದಿದ್ದ ನನ್ನ ಗಂಡನೇ ಈಗ ಅದನ್ನು ತೆಗೆಯಬೇಕಿತ್ತು.

ಆ ರಾತ್ರಿಯೋ ಮರುದಿನವೋ ನಾನು ನನ್ನ ಗಂಡನನ್ನು ಕೇಳಿದೆ, ಟ್ಯಾಂಕಿಗೆ ನೀರು ತುಂಬಿಸುತ್ತಾರಾ ಎಂದು. ಸಾಹುಕಾರರ ಬಾವಿಯ ನೀರೆಲ್ಲ ಅವರ ದ್ರಾಕ್ಷಿ ತೋಟಕ್ಕೆ ಹೋಗುತ್ತಿತ್ತು. ಬೇಸಿಗೆ. ಟ್ಯಾಂಕಿಗೆ ನೀರು ಹಾಕಿದರೆ ಬಳ್ಳಿ ಒಣಗುತ್ತದೆ ಎಂದಿದ್ದರಂತೆ.

"ಹಂಗಾದ್ರೆ ಹೋಗ್ಬೇಡಿ" ಎಂದೆ.

"ಅಣ್ಣ ಹಿಡಿದ ಕೆಲಸ ಕಣೇ. ಊರೆಲ್ಲ ಅವನ್ನ ದಡ್ಡ ಅಂತಿದೆ. ನಾನು ದೀಪ ತಗೊಂಡು ಹೋಗಲ್ಲ. ಬಾಯಿಗೆ ಬಟ್ಟೆ ಕಟ್ಕೊಂಡು ಇಳೀತೀನಿ, ಬಳ್ಕೊಂಡು ಬರ್ತೀನಿ."

"ದೀಪ ಇಲ್ದೆ ಹಗೇವಿಗೆ ಇಳಿದವರು ಏನಾದ್ರು?"

"ಇದು ಹಗೇವಲ್ಲ."

"ಅದನ್ನ ನಿಮ್ಮಣ್ಣನಿಗೆ ಯಾರೂ ಹೇಳ್ಲಿಲ್ಲ."

ಅವರು ತಟ್ಟೆ ತಳ್ಳಿ ಎದ್ದು ಹೋದರು. ಭಾವನ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಗೋಡೆಗೆ ಒರಗಿ ಕೂತಿದ್ದರು. "ಇವನನ್ನೂ ಕಳಿಸ್ಬೇಡ ಕಣಮ್ಮಾ" ಎಂದರು.

ಬೆಳಿಗ್ಗೆ ನಾನು ನನ್ನ ಗಂಡನಿಗಿಂತ ಮುಂಚೆ ಬಂಕಿಗೆ ಹೋಗಿ, ಎರಡನೆಯ ಟ್ಯಾಂಕಿನ ಮುಚ್ಚಳದ ಮೇಲೆ ಕೂತೆ. ಇದರ ಬಗ್ಗೆಯೂ ಕಥೆ ಹುಟ್ಟಿದೆ. ನಮ್ಮ ನೆಂಟರಲ್ಲಿ ಕೆಲವರು ನಾನು ಮೂರು ದಿನ ಊಟ ಬಿಟ್ಟು ಕೂತಿದ್ದೆ ಎನ್ನುತ್ತಾರೆ. ಸುಳ್ಳು. ಪಕ್ಕದ ಚಹಾ ಅಂಗಡಿಯ ಮುದುಕಿ ಕೊಟ್ಟ ಇಡ್ಲಿ ತಿಂದೆ. ನನ್ನಲ್ಲಿ ಧೈರ್ಯವೂ ಇರಲಿಲ್ಲ. ಸಿಟ್ಟಿತ್ತು, ಮುಚ್ಚಳದ ಕಬ್ಬಿಣ ಕಾದು ತೊಡೆ ಸುಡುತ್ತಿತ್ತು, ಎದ್ದರೆ ಅವರು ಮುಚ್ಚಳ ತೆಗೆಯುತ್ತಾರೆ ಎನ್ನುವುದೊಂದೇ ತಲೆಯಲ್ಲಿತ್ತು.

ಮುದುಕಿ ತೆಲುಗಿನವಳು. "ಏಂ ತಲ್ಲೀ, ಇಕ್ಕಡೇ ಕಾಪುರಂ ಪೆಡ್ತಾವಾ?" ಎಂದಳು. ಇಲ್ಲೇ ಸಂಸಾರ ಹೂಡುತ್ತೀಯಾ ಎಂದು.

"ಸಂಸಾರ ಉಳಿಸ್ಕೊಳ್ಳಕ್ಕೇ ಕೂತಿರೋದು ಅಜ್ಜೀ" ಎಂದೆ.

ನನ್ನ ಗಂಡ ಬಂದರು. ಜನ ಸೇರಿದ್ದರಿಂದ ಅವರಿಗೆ ಅವಮಾನವಾಯಿತು.

"ಏಳೇ ಮೇಲೆ. ಮಾನ ತೆಗೀಬೇಡ."

"ನೀರು ಬರಲಿ, ಏಳ್ತೀನಿ."

"ಎಳೆದು ಹಾಕ್ತೀನಿ ನೋಡು."

"ಎಳೀರಿ."

ಅವರು ಎಳೆಯಲಿಲ್ಲ. ನನಗೆ ಬೆನ್ನು ಮಾಡಿ ಅಲ್ಲೇ ನೆಲದ ಮೇಲೆ ಕೂತರು. ಅವರೂ ಇಳಿಯಲು ಹೆದರಿದ್ದರು ಎಂದು ನನಗೆ ಆ ಬೆನ್ನು ನೋಡಿ ತಿಳಿಯಿತು. ಅಥವಾ ಈಗ ಹಾಗೆ ಅನ್ನಿಸುತ್ತಿದೆ.

ಸಾಹುಕಾರರು ಬಂದಾಗ ಬಿಸಿಲು ಏರಿತ್ತು. "ಏನಯ್ಯಾ, ಹೆಂಡ್ತಿ ಕೈಲಿ ವೀಳ್ಯ ವಾಪಸ್ ಕೊಡಿಸ್ತೀಯಾ?" ಎಂದು ನನ್ನ ಗಂಡನನ್ನು ಕೆಣಕಿದರು.

ನಾನು ಹೇಳಿದೆ: "ವೀಳ್ಯ ವಾಪಸ್ ಕೊಡಲ್ಲ ಸಾಹುಕಾರ್ರೇ. ಟ್ಯಾಂಕು ಎತ್ತುತಾರೆ. ಕಂಪನಿಯೋರು ನಿಮ್ಮೆದುರಿಗೇ ಹೇಳಿದ್ರಲ್ಲ, ನೀರು ತುಂಬಿಸಿ ಅಂತ. ನಾನು ಕೇಳ್ಕೊಂಡಿದೀನಿ. ಆ ಜೀಪಿನೋರು ಇನ್ನೊಂದ್ಸಲ ಬರ್ತಾರಲ್ಲ, ಆಗ ಎಲ್ರ ಮುಂದೇನೂ ಹೇಳ್ತೀನಿ. ನಿಮ್ಮ ದ್ರಾಕ್ಷಿ ಒಣಗಿದ್ರೆ ಮತ್ತೆ ಚಿಗುರುತ್ತೆ."

ಚಹಾ ಅಂಗಡಿಯಲ್ಲಿ ಕೂತಿದ್ದ ಲಾರಿ ಡ್ರೈವರುಗಳಲ್ಲಿ ಯಾರೋ, "ನೀರು ಹಾಕ್ಸಿ ಬಿಡಿ ಸ್ವಾಮಿ, ನಾವೂ ಇಲ್ಲೇ ಕೂತಿದೀವಿ" ಎಂದರು. ನಾಲ್ಕು ಜನ ನಕ್ಕರು. ಸಾಹುಕಾರರನ್ನು ಬಾಗಿಸಿದ್ದು ನನ್ನ ಮಾತೋ ಆ ನಗುವೋ, ಹೇಳಲಾರೆ. ನಗುವೇ ಇರಬೇಕು.

ಮಧ್ಯಾಹ್ನದ ಹೊತ್ತಿಗೆ ಪೀಪಾಯಿ ಹೇರಿದ ಎತ್ತಿನ ಗಾಡಿಗಳು ತೋಟದಿಂದ ಬಂದವು. ಮುದುಕಿಗೆ ಒಲೆ ಆರಿಸಲು ಹೇಳಿದೆ. ಬೈಯುತ್ತಲೇ ಆರಿಸಿದಳು. ಎಲ್ಲರ ಬೀಡಿ, ಬೆಂಕಿಪೊಟ್ಟಣ ತೆಗೆದು ರಸ್ತೆಯ ಆಚೆ ಇಡಿಸಿದೆವು. ಆಗ ನಾನು ಎದ್ದೆ. ಗಾಡಿ ಹೋಗಿ ಬಂದು, ಹೋಗಿ ಬಂದು, ಸಂಜೆಯವರೆಗೂ ನೀರು ಹೊಯ್ದರು. ನೀರು ಬಾಯಿಗೆ ಬಂದಾಗ ಮೇಲೆ ಬಣ್ಣ ಬಣ್ಣದ ಪೊರೆ ತೇಲಿತು. ಒಂದು ತೊಟ್ಟೂ ಇಲ್ಲ ಎಂದಿದ್ದರಲ್ಲ, ಆ ಟ್ಯಾಂಕಿನಿಂದ ಬಕೆಟ್ಟುಗಟ್ಟಲೆ ಪೆಟ್ರೋಲು ಬಂತು. ಅದನ್ನು ಡ್ರಮ್ಮಿಗೆ ತುಂಬಿ ದೂರ ಸಾಗಿಸಿದರು. ಮರುದಿನ ಸುತ್ತ ಅಗೆದು, ನೀರನ್ನು ಕೈಪಂಪಿನಿಂದ ಹೊರಹಾಕಿ, ಆವಿ ಹೊರಬಾರದಂತೆ ತೂತುಗಳಿಗೆ ಮರದ ಬೆಣೆ ಬಡಿದು, ಹಗ್ಗ ಹಾಕಿ ಟ್ಯಾಂಕನ್ನು ಎಳೆದು ತೆಗೆದರು. ಯಾರೂ ಒಳಗೆ ಇಳಿಯಲಿಲ್ಲ. ನನ್ನ ಗಂಡ ಮಣ್ಣಾದ ಮೈಯಲ್ಲಿ ನಡೆದುಕೊಂಡೇ ಮನೆಗೆ ಬಂದರು. ಅಷ್ಟು ಸುಲಭವಾಗಿತ್ತು. ಅಷ್ಟು ಸುಲಭವಾಗಿದ್ದಕ್ಕೇ ನನ್ನ ಸಿಟ್ಟು ಇಳಿಯಲಿಲ್ಲ. ಒಂದು ದಿನದ ನೀರು, ಆರಿಸಿದ ಒಂದು ಒಲೆ.

ಉಳಿದದ್ದು ಲಾಟೀನು. ಭಾವ ಸತ್ತ ದಿನ ಸಂಜೆ ನಮ್ಮ ಮನೆಯ ಲಾಟೀನು ಗೂಟದಲ್ಲೇ ನೇತಾಡುತ್ತಿತ್ತು. ಅದನ್ನೇ ಹಚ್ಚಿ ಅಕ್ಕನ ಮುಂದೆ ಇಟ್ಟವಳು ನಾನು. ಕಾಗದ ಅಂಟಿಸಿದ ಗಾಜು ಅದರದೇ ಇರಬೇಕು. ಬೆಳಿಗ್ಗೆ ಭಾವ ಮನೆಯಿಂದ ಹೊರಟಾಗ ಕೈಯಲ್ಲಿ ಹಗ್ಗವಿತ್ತು, ಹೆಗಲ ಮೇಲೆ ಹೊಂಗೆ ಕೊಂಬೆಯಿತ್ತು. ಲಾಟೀನು ಇರಲಿಲ್ಲ. ಹಾಗಾದರೆ ಅವರು ಬಂಕಿನಲ್ಲೇ ಯಾರನ್ನೋ ಕೇಳಿ ಪಡೆದಿರಬೇಕು. ಪೆಟ್ರೋಲ್ ಮಾರುತ್ತಿದ್ದ ಜಾಗದಲ್ಲಿ, ಹಾಡುಹಗಲು, ಯಾರೋ ಒಬ್ಬರು ಕಡ್ಡಿ ಗೀರಿ ಬತ್ತಿ ಹಚ್ಚಿ ಅದನ್ನು ಅವರ ಕೈಗೆ ಕೊಟ್ಟಿದ್ದಾರೆ. ಯಾಕೆ ಬೇಕು ಎಂದು ಕೇಳಿದರೋ ಇಲ್ಲವೋ. ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ನಾನು ಬಂಕಿನ ಆಳುಗಳನ್ನು ಕೇಳಿದೆ, ಮುದುಕಿಯನ್ನು ಕೇಳಿದೆ, ಸಾಹುಕಾರರು ಸಾಯುವ ಮೊದಲು ಅವರನ್ನೂ ಕೇಳಿದೆ.

ಹಚ್ಚಿ ಕೊಟ್ಟವರು ಯಾರು ಎಂದು ನನಗೆ ಗೊತ್ತಿಲ್ಲ.