ಅಟ್ಟೆಯೊಳಗಿನ ಪಾಸ್‌ವರ್ಡ್

ತಮ್ಮನ ಕಾಲು ಹಿಡಿದೆಳೆದು, ಮೆಟ್ಟಿದ್ದ ಚಪ್ಪಲಿಯ ಅಟ್ಟೆಗೇ ಅಣ್ಣ ಚರ್ಮ ಕೊಯ್ಯುವ ರಂಪಿಗೆ ಇಟ್ಟ. 1999ರಲ್ಲಿ, ಅಥಣಿಯ ಅವರ ಚಪ್ಪಲಿ ಅಂಗಡಿಯ ಬಾಗಿಲಿಗೆ ಚಪ್ಪಲಿ ಕೊಳ್ಳಲು ಬಂದಿದ್ದ ನಾನು ಅದನ್ನು ನೋಡಿದೆ. ಅಂಗಡಿಗಾಗಿ ವೆಬ್‌ಸೈಟಿನ ಹೆಸರು ನೋಂದಾಯಿಸಿದ್ದ ತಮ್ಮ, ಅದರ ಪಾಸ್‌ವರ್ಡ್ ಚೀಟಿಯನ್ನು ತನ್ನ ಚಪ್ಪಲಿಯ ಅಟ್ಟೆಯ ಪದರದೊಳಗಿಟ್ಟು ಹೊಲಿದದ್ದು ಅಣ್ಣನಿಗೆ ಆಗಷ್ಟೇ ಗೊತ್ತಾಗಿತ್ತು.

“ಅಪ್ಪನ ಅಂಗಡಿ ಹೆಸರು ನಿನ್ನೊಬ್ಬನ ಕೈಯಾಗ ಯಾಕಲೇ? ಊರ ಮಂದಿ ನಿನಗ ಮಾಲಕ ಅನ್ನಾಕತ್ತಾರ!”

“ಕಾಲ್ ಬಿಡೋ ಅಣ್ಣಾ. ದೀಪಾವಳಿಗೆ ನಾ ಕೊಟ್ಟ ಚಪ್ಪಲಿ ನಿನ್ನ ಕಾಲಾಗ ಐತಲ್ಲ, ಅದರಾಗೂ ಇದ ಪಾಸ್‌ವರ್ಡ್ ಬರದು ಹೊಲದೇನಿ.”

ಅಣ್ಣ ತನ್ನ ಕಾಲನ್ನೇ ನೋಡುತ್ತ ಕುಳಿತ. ರಂಪಿಗೆ ಕೈಯಿಂದ ಜಾರಿತು.

ಆ ಅಲಗು ತಮ್ಮನ ಹಿಮ್ಮಡಿಗೆ ಬೆರಳಗಲದಷ್ಟೇ ದೂರವಿತ್ತು. ಆದರೂ ಆ ಅಣ್ಣನ ಮೇಲೆ ನನಗೆ ಇಂದಿಗೂ ಹೊಟ್ಟೆಕಿಚ್ಚು. ನನಗೂ ಒಬ್ಬ ತಮ್ಮನಿದ್ದಾನೆ. ಅಪ್ಪನ ಮನೆಯ ಕೀಲಿಯನ್ನೂ ನನಗೆ ಕೊಟ್ಟವನಲ್ಲ.